ಮಾಸಿನಲ್ಲಿ ಅಪ್ಪನ ಪಾಲು

ತೆಲಸಂಗ, ಮಂಗಳವಾರ

ಪ್ರೀತಿಯ ಅತ್ತಿಗೆ,

ಇಲ್ಲಿನ ಪಶು ಆಸ್ಪತ್ರೆಗೆ ವೈದ್ಯೆಯಾಗಿ ಬಂದು ವಾರವಾಯಿತು. ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗಿದೆ. ನೀವು ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ನಿಮ್ಮ ಹೆರಿಗೆಯ ಹೊತ್ತಿಗೆ ರಜೆ ಹಾಕಿದ್ದೇನೆ.

ಇಂದು ಬೆಳಿಗ್ಗೆ ಲಕ್ಕವ್ವ ಎಂಬ ರೈತ ಮಹಿಳೆಯ ಹಸು ಕರು ಹಾಕಿತು. ಮಾಸು ಬೀಳಲು ತಡವಾಗಿ ನನ್ನನ್ನು ಕರೆಸಿದ್ದರು. ಕೊನೆಗೆ ಬಿದ್ದ ಮಾಸನ್ನು ಹೂಳಲು ಎತ್ತುತ್ತಾ ಲಕ್ಕವ್ವ, "ಇಂಜೆಕ್ಷನ್ನಿಂದ ಗಬ್ಬ ಆದ ಆಕಳರಿ ಇದು. ಬೀಜ ಕೊಟ್ಟ ಹೋರಿ ಸತ್ತು ಆರು ವರ್ಷ ಆಗೇತಂತ. ತಾಯಿ ಒಬ್ಬಾಕಿನ ಎಲ್ಲಾ ಮಾಡ್ಯಾಳ" ಎಂದರು.

ನಾನು ಹೇಳಿದೆ: ಕೆಲವು ಜೀನ್‌ಗಳ ಮೇಲೆ ಅಪ್ಪನದೋ ಅಮ್ಮನದೋ ಎಂಬ ಗುರುತು ಬಿದ್ದಿರುತ್ತದೆ. ಹೊಟ್ಟೆಯೊಳಗೆ ಕರುವಿಗೆ ಉಣಿಸುವ ಈ ಮಾಸನ್ನು ಬೆಳೆಸುವುದರಲ್ಲಿ ಅಪ್ಪನ ಗುರುತಿನವು ಬಹಳ ದುಡಿಯುತ್ತವೆ.

ಅವರು, "ಹಂಗಾದ್ರ ಆ ಹೋರಿನೂ ಕರಾನ ಹೊಟ್ಟ್ಯಾಗ ಜ್ವಾಕಿ ಮಾಡೇತಿ ಅನ್ರಿ" ಎಂದು ಮಾಸಿನ ಮೇಲೆ ಅರಿಶಿನ ಹಾಕಿ ಹೂತರು.

ಅಣ್ಣ ತೀರಿಕೊಂಡ ದಿನ ನೀವು, "ಈ ಮಗುವಿಗೆ ಅಪ್ಪನಿಂದ ಏನೂ ಸಿಗಲಿಲ್ಲ" ಎಂದು ಅತ್ತಿರಿ. ಈ ಏಳು ತಿಂಗಳಿಂದ ಅದಕ್ಕೆ ಉಣಿಸುತ್ತಿರುವ ಮಾಸಿನಲ್ಲಿ ಅಣ್ಣನ ಕೈಯೂ ಇದೆ, ಅತ್ತಿಗೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿಮ್ಮ ಸುಮೇಧಾ