ಎಡಕ್ಕೆ ಸುತ್ತಿದ ತಂತಿ

ಪ್ರೀತಿಯ ಚಿಪ್ಪಿ,

ಕಳೆದ ತಿಂಗಳ ಹನ್ನೆರಡನೆಯ ತಾರೀಖು, ಭಾನುವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ, ನಿನ್ನ ಒಡವೆಗಳ ಪ್ರದರ್ಶನದ ಉದ್ಘಾಟನೆಯಲ್ಲಿ, ಮೈಕಿನ ಮುಂದೆ ನಿಂತು ನೀನೊಂದು ಅನ್ಯಾಯ ಮಾಡಿದೆ. ‘ಇದನ್ನು ನನಗೆ ಯಾರೂ ಕಲಿಸಲಿಲ್ಲ, ಸಮುದ್ರವೇ ಕಲಿಸಿತು’ ಅಂದೆ. ಜನ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿದ್ದ ನಾನು ತಟ್ಟಲಿಲ್ಲ. ನಿನಗೆ ಅಣ್ಣನಾಗಿ ಐವತ್ತೆರಡು ವರ್ಷವಾಯಿತು; ನಿನ್ನ ಮಾತಿಗೆ ಕೈಕಟ್ಟಿ ಕೂತದ್ದು ಅದೇ ಮೊದಲು.

ನನ್ನ ಸ್ವಭಾವ ನಿನಗೆ ಗೊತ್ತು. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ತಪ್ಪು ಕಂಡರೆ ಕೈ ತುರಿಸುತ್ತದೆ. ವಾಚನಾಲಯದ ಮುರಿದ ಕುರ್ಚಿಯಿಂದ ಹಿಡಿದು ಬಸ್ ನಿಲ್ದಾಣದ ನಿಂತುಹೋದ ಗಡಿಯಾರದವರೆಗೆ ನಾನು ಪತ್ರಿಕೆಗಳಿಗೆ ಬರೆದ ದೂರುಗಳ ಪ್ರತಿಗಳು ಎರಡು ಪೆಟ್ಟಿಗೆ ತುಂಬಿವೆ. ಅವುಗಳಲ್ಲಿ ಗಡಿಯಾರ ಮಾತ್ರ ಸರಿಯಾಯಿತು, ಈಗ ಹತ್ತು ನಿಮಿಷ ಮುಂದೆ ಓಡುತ್ತದೆ. ‘ಅಣ್ಣನ ತಲೇಲಿ ಎಲ್ಲ ಇದೆ, ಮರೆವು ಒಂದು ಬಿಟ್ಟು’ ಅಂತ ನೀನೇ ಗೇಲಿ ಮಾಡುತ್ತಿದ್ದೆ. ಹಾಗಾಗಿ ಕೇಳು.

ನಮ್ಮ ಅತ್ತೆ, ಅಪ್ಪನ ತಂಗಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇದ್ದವಳು, ಈಗಲೂ ಅಲ್ಲೇ ಇರುವವಳು. ಆಗ ಹಗಲು ಹೊತ್ತು, ಸುಟ್ಟುಹೋದ ಪಂಪು ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಅವಳು ಎಡಚಿ. ಅಂಗಡಿಯಲ್ಲಿ ಮಾತ್ರ ಎಲ್ಲವನ್ನೂ ಬಲಕ್ಕೇ ಸುತ್ತಬೇಕಿತ್ತು, ಇಲ್ಲದಿದ್ದರೆ ಯಜಮಾನ ಹಾರಾಡುತ್ತಿದ್ದ. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಬಿಸ್ಕತ್ತಿನ ಡಬ್ಬಿ ತೆಗೆದರೆ ‘ಇನ್ನು ನನ್ನ ಕೈಗೆ ರಜಾ’ ಅನ್ನುತ್ತಿದ್ದಳು. ಆ ಡಬ್ಬಿಯಲ್ಲಿ ಅಂಗಡಿಯವರು ಬಿಸಾಡಿದ ಹಳೆಯ ತಂತಿ, ಕೆಟ್ಟ ಕೈಗಡಿಯಾರದ ಹಲ್ಲುಗಾಲಿಗಳು, ಕೊಡೆಯ ಕಡ್ಡಿ. ಜೊತೆಗೆ ದಡದಲ್ಲಿ ಹೆಕ್ಕಿದ ಗಾಜು. ಆ ಡಬ್ಬಿ ತೆರೆದಾಗ ಬರುತ್ತಿದ್ದ ಉಪ್ಪು ಮತ್ತು ವಾರ್ನಿಷ್ ಬೆರೆತ ವಾಸನೆ ನಿನಗೆ ನೆನಪಿರಲೇಬೇಕು. ನನಗಂತೂ ಈಗಲೂ ಮೂಗಿನಲ್ಲಿದೆ.

ರಜೆಯ ದಿನ ನೀರು ಇಳಿಯುವ ಹೊತ್ತು ನೋಡಿಕೊಂಡು ನಾವು ಮೂವರೂ ದಡಕ್ಕೆ ಹೋಗುತ್ತಿದ್ದೆವು. ಅತ್ತೆ ಮುಂದೆ, ಅವಳ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನೀನು, ಹಿಂದೆ ಪುಸ್ತಕ ಹಿಡಿದ ನಾನು. ನೀನು ಸಿಕ್ಕಿದ್ದನ್ನೆಲ್ಲ ಕೈಗಿತ್ತರೆ ಅವಳು ಒಂದೊಂದು ಚೂರನ್ನೂ ಕೆನ್ನೆಗೆ ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ನುಣ್ಣಗಿದ್ದರೆ ಚೀಲಕ್ಕೆ. ಚುಚ್ಚಿದರೆ ‘ಇನ್ನೂ ಬೆಂದಿಲ್ಲ, ಹೋಗಿ ಬೆಂದ್ಕೊಂಡು ಬಾ’ ಅಂತ ಬೈದು ದೂರ ನೀರಿಗೆ ಎಸೆಯುತ್ತಿದ್ದಳು. ನಿನಗೆ ಆರು ವರ್ಷ. ಒಂದು ದಿನ ಲೆಕ್ಕ ಬಾರದ ನನ್ನ ಗೆಳೆಯನ ಕೆನ್ನೆ ಮುಟ್ಟಿ ‘ನೀನು ಇನ್ನೂ ಬೆಂದಿಲ್ಲ’ ಅಂದಿದ್ದೆ. ಅವನು ಇವತ್ತಿಗೂ ಸಿಕ್ಕಾಗ ಅದನ್ನೇ ಹೇಳಿ ನಗುತ್ತಾನೆ.

ಅತ್ತೆ ಗಾಜಿಗೆ ಎಂದೂ ತೂತು ಕೊರೆಯಲಿಲ್ಲ. ‘ಇಷ್ಟು ವರ್ಷ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ್ದು ಸಮುದ್ರ, ನಾವ್ಯಾಕೆ ಗಾಯ ಮಾಡ್ಬೇಕು?’ ಅನ್ನುತ್ತಿದ್ದಳು. ತಂತಿಯಿಂದ ಸುತ್ತಿಯೇ ಹಿಡಿಯಬೇಕು, ತುದಿಯನ್ನು ಒಳಗೆ ಮಡಚಬೇಕು, ತೊಟ್ಟವರ ಕತ್ತು ಗೀರಬಾರದು. ಕಲಿಯಲು ನೀನು ಅವಳ ಎದುರಿಗೆ ಕೂತ ಮೊದಲ ದಿನ ಅವಳು ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ: ‘ಎದುರಿಗೆ ಕೂತ್ರೆ ಕನ್ನಡಿ ಆಗ್ತೀಯ. ಪಕ್ಕಕ್ಕೆ ಬಾರೇ.’ ನೀನು ಪಕ್ಕಕ್ಕೆ ಹೋದೆ. ಅವಳ ಎಡಗೈ ತಿರುಗಿದ ಕಡೆಗೇ ನಿನ್ನ ಬಲಗೈಯನ್ನು ತಿರುಗಿಸಿದೆ, ನಾಲಗೆ ಕಚ್ಚಿಕೊಂಡು, ಕಷ್ಟಪಟ್ಟು. ಬಲಗೈಯವರಿಗೆ ಸಹಜವಾದದ್ದು ಬಲಸುತ್ತು. ನೀನು ಕಲಿತದ್ದು ಎಡಸುತ್ತು. ಸಮುದ್ರ ಇನ್ನೇನು ಬೇಕಾದರೂ ಕಲಿಸಲಿ, ಎಡಚಿಯೊಬ್ಬಳ ಕೈಯನ್ನು ಅದು ಎಲ್ಲಿಂದ ತಂದುಕೊಡಬೇಕು?

ಇಲ್ಲಿ ನನ್ನ ತಪ್ಪನ್ನೂ ಬರೆದುಬಿಡುತ್ತೇನೆ. ಬೀದಿಯವರು ಅವಳನ್ನು ‘ಕಸದ ರಾಣಿ’ ಅನ್ನುತ್ತಿದ್ದರು. ಹದಿನಾಲ್ಕರ ನಾನು ಶಾಲೆಯಲ್ಲಿ ‘ನಮ್ಮತ್ತೆ ಎಂಜಿನಿಯರ್ ಆಫೀಸಲ್ಲಿದ್ದಾರೆ’ ಅಂತ ಸುಳ್ಳು ಹೇಳಿಕೊಂಡು ತಿರುಗಿದೆ. ನಾಲ್ಕರ ನೀನಾದರೋ ಹಾಗೆ ಅಂದ ಪಕ್ಕದ ಮನೆಯ ಹುಡುಗಿಯ ತೋಳನ್ನು ಹಲ್ಲು ಮೂಡುವಂತೆ ಕಚ್ಚಿದೆ. ಆ ಮನೆಯವರು ಜಗಳಕ್ಕೆ ಬಂದಾಗ ಅತ್ತೆ ನಿನ್ನನ್ನು ಬೈಯುತ್ತ ಬೈಯುತ್ತಲೇ ಬೆನ್ನ ಹಿಂದೆ ನಿನ್ನ ಕೈಗೊಂದು ಹಸಿರು ಗಾಜಿನ ಚೂರು ಇಟ್ಟಳು. ನಾನು ಬಾಗಿಲ ಮರೆಯಿಂದ ನೋಡಿದೆ. ನಮ್ಮಿಬ್ಬರಲ್ಲಿ ಧೈರ್ಯಸ್ಥೆ ನೀನೇ ಅಂತ ಅಂದೇ ಒಪ್ಪಿಕೊಂಡವನು ನಾನು.

ಆದ್ದರಿಂದ ನೀನು ನಾಚಿಕೆಯಿಂದ ಅತ್ತೆಯನ್ನು ಮರೆಮಾಡಿದೆ ಎಂದು ನಾನು ನಂಬುವುದಿಲ್ಲ. ಆ ವಾಕ್ಯ ಕೇಳಲು ಚಂದವಾಗಿತ್ತು, ಅದಕ್ಕೇ ಹೇಳಿಬಿಟ್ಟೆ. ಚಂದದ ವಾಕ್ಯಗಳು ಮಾಡುವ ಹಾನಿ ನನಗೆ ಗೊತ್ತು, ಬದುಕಿಡೀ ಅವುಗಳ ಕಾಗುಣಿತ ತಿದ್ದಿದ್ದೇನೆ.

ಮೊಣಕಾಲು ನೋವೆಂದು ಅತ್ತೆ ಉದ್ಘಾಟನೆಗೆ ಬಂದಿರಲಿಲ್ಲ, ನೀನು ಅಂದದ್ದನ್ನು ನಾನು ಹೇಳಲಿಲ್ಲ. ಆದರೆ ಮೊನ್ನೆ ಮಂಗಳವಾರ ‘ಲೋ ಪಂಡಿತ, ನನ್ನ ಕರ್ಕೊಂಡು ಹೋಗ್ತೀಯೋ, ನಾನೇ ತೆವಳ್ಕೊಂಡು ಹೋಗ್ಲೋ?’ ಅಂದಳು. ಕರೆದುಕೊಂಡು ಹೋದೆ. ಎರಡನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ, ನೀನು ಮಾಡಿದ ಹಸಿರು ಗಾಜಿನ ಸರ. ಅತ್ತೆ ಕೈ ಚಾಚಿದಳು. ಸ್ಟೂಲಿನ ಮೇಲಿದ್ದ ಕಾವಲಿನಾಕೆ ‘ಮುಟ್ಟಬಾರದು ಅಜ್ಜಿ’ ಅಂದಳು.

‘ಕಣ್ಣು ಕೆಲಸ ಬಿಟ್ಟು ಎರಡು ವರ್ಷ ಆಯ್ತು ಕಣಮ್ಮ. ನಾನು ಬೆರಳಲ್ಲೇ ನೋಡ್ಬೇಕು.’

ಆಕೆ ಸ್ಟೂಲನ್ನು ತಿರುಗಿಸಿಕೊಂಡು, ‘ಸರಿ, ನಾನು ಎರಡು ನಿಮಿಷ ಕಿಟಕಿ ಆಚೆ ನೋಡ್ತಿರ್ತೀನಿ’ ಅಂದಳು.

ಅತ್ತೆ ಸರವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಲ್ಲಿ ನೋಡಿದಳು. ಮೊದಲು ಒಳಗೆ ಮಡಚಿದ ತುದಿ ಹುಡುಕಿದಳು. ಆಮೇಲೆ ಸುತ್ತು. ಆಮೇಲೆ ಕೆಮ್ಮು ಬರುವಷ್ಟು ನಕ್ಕಳು. ‘ಎಡಕ್ಕೇ ಸುತ್ತಿದಾಳಲ್ಲೋ ಪೆದ್ದಿ! ಅದು ನನ್ನ ಕೈಯ ಚಾಳಿ. ನಿಂಗೆ ಬೇಕಿಲ್ಲ ಕಣೇ, ಬಲಕ್ಕೆ ಸುತ್ತು ಅಂತ ಹೇಳೋದೇ ಮರೆತೆ ನಾನು.’

ಸರದ ಕೆಳಗೊಂದು ಫಲಕವಿದೆ. ನೀನೇ ಬರೆಸಿದ್ದು. ‘ಎಡಸುತ್ತು: ಕಲಾವಿದೆಯ ಸ್ವಂತ ಶೋಧ.’

ಅತ್ತೆಯ ಬೆರಳು ಅದಕ್ಕೂ ತಾಗಿತು. ‘ಏನೋ ಬರ್ದಿದಾರಲ್ಲ, ಓದೋ ಪಂಡಿತ’ ಅಂದಳು.

ನಾನು ಓದಿದೆ: ‘ಎಡಸುತ್ತು: ಕಲಾವಿದೆ ಇದನ್ನು ತಮ್ಮ ಸೋದರತ್ತೆಯಿಂದ ಕಲಿತರು.’

ಅವಳು ತಲೆಗೂದಲು ಸರಿಮಾಡಿಕೊಂಡಳು. ‘ಇನ್ನೊಂದ್ಸಲ ಓದು’ ಅಂದಳು. ಒಂದಕ್ಷರ ವ್ಯತ್ಯಾಸವಾಗದಂತೆ ಮತ್ತೆ ಓದಿದೆ. ಕಾವಲಿನಾಕೆ ತಿರುಗಿ ಫಲಕ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಿಟಕಿಯ ಕಡೆಗೇ ತಿರುಗಿಕೊಂಡಳು. ಅಚ್ಚಾದ ಮಾತನ್ನು ನಾನು ಬದಲಿಸಿ ಓದಿದ್ದು ಆಯುಷ್ಯದಲ್ಲಿ ಅದೊಂದೇ ಸಲ, ಚಿಪ್ಪಿ.

ಈಗ ತೊಂದರೆ ಏನೆಂದರೆ, ಅತ್ತೆ ಅದನ್ನು ಇಡೀ ಬೀದಿಗೆ ಹೇಳಿದ್ದಾಳೆ. ಔಷಧಿ ಅಂಗಡಿಯವನಿಗೆ ಹೇಳಿದ್ದಾಳೆ. ಎದುರುಮನೆಯ ಟೈಲರಮ್ಮನಿಗೆ ದಿನಕ್ಕೆರಡು ಸಲ ಹೇಳುತ್ತಿದ್ದಾಳೆ. ಬರುವ ಭಾನುವಾರ, ಪ್ರದರ್ಶನದ ಕೊನೆಯ ದಿನ, ಅವರನ್ನೆಲ್ಲ ಆ ಫಲಕದ ಮುಂದೆ ನಿಲ್ಲಿಸುವವಳಿದ್ದಾಳೆ. ಟೈಲರಮ್ಮನಿಗೆ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ಗಂಟಲೂ ದೊಡ್ಡದು. ಆಕೆ ಗಟ್ಟಿಯಾಗಿ ಓದುತ್ತಾಳೆ.

ನನಗೆ ಫೋನ್ ಮಾಡಿ ಸಮಜಾಯಿಷಿ ಹೇಳಬೇಡ. ಹಿಂದಿನ ಕೋಣೆಗೆ ಬಂದು ಅತ್ತೆಯ ಕೈಹಿಡಿದು ಅಳಲೂ ಬೇಡ, ಅವಳಿಗೆ ಯಾಕೆಂದೇ ತಿಳಿಯುವುದಿಲ್ಲ. ಮೈಕಿನಲ್ಲಾದ ತಪ್ಪಿಗೆ ಮೈಕಿನಲ್ಲೇ ತಿದ್ದುಪಡಿ ಆಗಬೇಕು. ಶನಿವಾರದೊಳಗೆ ಆ ಫಲಕ ಬದಲಾಗಬೇಕು; ಅದರಲ್ಲಿ ಏನಿರಬೇಕೆಂದು ಮೇಲೆ ಬರೆದಿದ್ದೇನೆ, ಅಕ್ಷರ ಆಚೀಚೆ ಆಗದಿರಲಿ. ಈ ಪತ್ರದ ಪ್ರತಿಯನ್ನು ಪತ್ರಿಕೆಗೆ ಕಳಿಸಿಲ್ಲ. ಲಕೋಟೆಗೆ ವಿಳಾಸ ಬರೆದು ಮೇಜಿನ ಮೇಲಿಟ್ಟಿದ್ದೇನೆ, ಅಷ್ಟೆ.

ಭಾನುವಾರದ ಸಮಾರೋಪದಲ್ಲಿ ಮೊದಲ ಸಾಲಿನಲ್ಲಿ ಅತ್ತೆಯನ್ನು ಕೂರಿಸಿ, ಅವಳ ಪಕ್ಕ ನಾನು ಕೂತಿರುತ್ತೇನೆ. ಇದನ್ನು ನಿನಗೆ ಕಲಿಸಿದವರು ಯಾರು? ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳು. ನಾನು ಚಪ್ಪಾಳೆ ಬಾಕಿ ಇಟ್ಟುಕೊಂಡು ಕಾಯುತ್ತಿರುತ್ತೇನೆ.

ನಿನ್ನ ಕೈಗೆ ದಣಿವಾಗದಿರಲಿ, ದಡದಲ್ಲಿ ನಿನ್ನ ಚೀಲ ಬರಿದಾಗದಿರಲಿ ಎಂದು ಹರಸುವ,

ನಿನ್ನ ಅಣ್ಣ,
ಪಂಡಿತ