ಹಿತ್ತಲ ಶೆಡ್ಡಿನ ಒಲೆ

ಪುಟ್ಟೀ,

ಕಣ್ಣು ತೋರಿಸಲು ಹೊರಟಿದ್ದೇನೆ. ನಾನಿರುವ ಹಿತ್ತಲ ಶೆಡ್ಡಿನಲ್ಲಿ ನೀನು ಹಾಕಿಸಿಕೊಟ್ಟ ಗ್ಯಾಸ್ ಒಲೆ ತೆಗೆಸಿದ್ದೇನೆ. ಮೆಟ್ಟಿಲ ಹತ್ತಿರವೇ ಇದೆ, ಎಡವಬೇಡ.

ನಿನ್ನೆ ನೀನೂ ಅಳಿಯಂದಿರೂ ಕೆಲಸಕ್ಕೆ ಹೋದ ಮೇಲೆ ನಗರಸಭೆಯವರು ಶೆಡ್ಡು ನೋಡಲು ಬಂದಿದ್ದರು. ಶೆಡ್ಡಿನಲ್ಲಿ ಬರೀ ಮಲಗಿ ಎದ್ದರೆ ಅದು ನಿಮ್ಮ ಮನೆಯದೇ ಕೋಣೆಯಂತೆ. ಒಲೆ ಹೂಡಿದರೆ ಬೇರೆ ಮನೆ, ಅದಕ್ಕೆ ಪರವಾನಗಿ ಬೇಕಂತೆ.

"ಅರ್ಜಿ ಹಾಕ್ತೀರೋ, ಒಲೆ ತೆಗೆಸ್ತೀರೋ ಅಮ್ಮಾ?" ಅಂದರು.

ಅವರು ಮಾತು ಮುಗಿಸುವ ಮೊದಲೇ "ತೆಗೆಸ್ತೀನಿ" ಅಂದೆ. ಒಲೆ ಎರಡಾದರೆ ಮನೆ ಎರಡು ಅಂತ ನಮ್ಮಮ್ಮ ಯಾವ ಕಾನೂನೂ ಓದದೆ ಹೇಳುತ್ತಿದ್ದಳು.

ನಿನ್ನನ್ನು ಕೇಳಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ. "ನಿಂಗಿಷ್ಟ ಬಂದಿದ್ದು ಮಾಡ್ಕೊಂಡು ತಿನ್ನಮ್ಮ" ಅಂತ ಪ್ರೀತಿಯಿಂದಲೇ ಹಾಕಿಸಿದೆ, ಗೊತ್ತು. ಆದರೆ ಒಬ್ಬಳಿಗಾಗುವಷ್ಟು ಅನ್ನಕ್ಕೆ ಅಕ್ಕಿ ಎಷ್ಟು ಹಾಕಬೇಕು ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ದಿನಾ ಮೂವರಿಗಾಗುವಷ್ಟು ಬೇಯಿಸುತ್ತೇನೆ. ಪಕ್ಕದ ಮನೆಯ ಬೆಕ್ಕು ಈಗ ಕಾಂಪೌಂಡ್ ಹತ್ತಲಾರದಷ್ಟು ದಪ್ಪಗಾಗಿದೆ.

ಇವತ್ತಿನಿಂದ ರಾತ್ರಿ ಊಟಕ್ಕೆ ಒಳಗೇ ಬರುತ್ತೇನೆ. ಪಾತ್ರೆ ನಾನು ತೊಳೆಯುತ್ತೇನೆ.

ಊಟದ ಮೇಜಿನ ಮೂರನೇ ಕುರ್ಚಿಯ ಮೇಲೆ ಇಸ್ತ್ರಿ ಬಟ್ಟೆಯ ರಾಶಿ ಇದೆ. ಅದನ್ನು ನಾನು ಮುಟ್ಟಿಲ್ಲ. ನೀನೇ ಎತ್ತಿಡು.

ಅಮ್ಮ