ಮೂರನೇ ತರದ ಗೆಳೆತನ

12-8-1997, ಮಂಗಳವಾರ

ಎಂಟರ ಬಸ್ಸು. ಯರಗಟ್ಟಿಯಲ್ಲಿ ಇಳಿಯುವವರು ಹತ್ತು, ಹತ್ತುವವರು ನಲವತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಹಸಿರು ಟವೆಲ್ ಒಗೆದು ನನಗೂ ಸೀಟು ಹಿಡಿದಿದ್ದರು ಹಜರತಸಾಬ. ಮೂರು ವರ್ಷದಿಂದ ಇದೇ. ಸವದತ್ತಿ ಸ್ಟ್ಯಾಂಡಿನ ಎದುರು ಅವರ ವಾಚ್ ರಿಪೇರಿ ಅಂಗಡಿ. ಮುಂದೆ ನನ್ನ ಕಾಲೇಜು.

"ಇವತ್ತೇನ ಪಾಠರಿ ಸರ್?"

ಅರಿಸ್ಟಾಟಲ್, ಅಂದೆ. ಗೆಳೆತನ ಮೂರು ತರ. ಉಪಯೋಗಕ್ಕೆ ಆದದ್ದು, ಖುಷಿಗೆ ಆದದ್ದು — ಕಾರಣ ಮುಗಿದರೆ ಇವೆರಡೂ ಮುಗಿದವು. ಮೂರನೆಯದು ಅಪರೂಪ. ಗೆಳೆಯನ ಒಳಿತನ್ನು ಅವನ ಸಲುವಾಗಿಯೇ ಬಯಸುವುದು.

"ಹಂಗಾರ ನಮ್ದು ಎಷ್ಟನೇದ್ರಿ?"

ಪೇಪರ್ ತಿದ್ದುವ ಚಟ ನನಗೆ. "ಒಂದನೇದು" ಅಂದೆ. "ನೀವು ಸೀಟು ಹಿಡೀತೀರಿ. ನಾನು ಮಾತಾಡಿ ನಿಮ್ಮ ಹೊತ್ತು ಕಳೀತೇನಿ."

ನಕ್ಕರು. ಮುನವಳ್ಳಿ ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತರು. ಸರಿಯಾದ ಉತ್ತರ ಕೊಟ್ಟೆ ಅಂದುಕೊಂಡೇ ಇಳಿದೆ.

13-8

ಸೀಟಿನ ಮೇಲೆ ಟವೆಲ್ ಇತ್ತು. ಅವರು ಹಿಂದೆ, ಗದ್ದಲದಲ್ಲಿ ನಿಂತಿದ್ದರು. ಇಲ್ಲೇ ಬರ್ರಿ, ಅಂದೆ.

"ಇರ್ಲಿ ಬಿಡ್ರಿ ಸರ್. ನಿಮಗ ಸೀಟು ಬೇಕಿತ್ತು, ಹಿಡದೇನಿ."

ಪಕ್ಕದಲ್ಲಿ ಯಾರೋ ಕೂತು ನನ್ನ ಭುಜಕ್ಕೊರಗಿ ನಿದ್ದೆ ಹೊಡೆದ. ಇಳಿಯುವಾಗ ಟವೆಲ್ ಕೊಟ್ಟೆ. ಮಡಚಿ ತಗೊಂಡರು, ಅಷ್ಟೆ.

20-8

ವಾರವಾಯಿತು, ಹೀಗೇ. ಕ್ಲಾಸಿನಲ್ಲಿ ನಾಲ್ಕು ಹುಡುಗರು, ನಾಲ್ವರೂ ಅಟೆಂಡೆನ್ಸಿಗೆ. ನನ್ನ ಪಾಠ ಕೇಳುತ್ತಿದ್ದವರು ಅವರೊಬ್ಬರೇ.

ರೂಮಿನಲ್ಲಿ ಒಬ್ಬನೇ ಅನ್ನಕ್ಕಿಟ್ಟು ಕೂತಾಗ ನೆನಪಾಯಿತು. ಹೋದ ವರ್ಷ ನನಗೆ ಟೈಫಾಯ್ಡ್. ಮೂರು ದಿನ ಅಂಗಡಿ ಮುಚ್ಚಿ ಇದೇ ಸ್ಟೋವಿನ ಮೇಲೆ ಗಂಜಿ ಕಾಯಿಸಿದ್ದರು. ಆಗ ನನ್ನಿಂದ ಅವರಿಗೇನು ಉಪಯೋಗ? ಮಾತಾಡುವ ಶಕ್ತಿಯೂ ಇರಲಿಲ್ಲ ನನಗೆ.

ಇಷ್ಟು ಓದಿದವನಿಗೆ ಪಕ್ಕದ ಸೀಟಿನಲ್ಲಿದ್ದ ಮೂರನೆಯದು ಗೊತ್ತಾಗಲಿಲ್ಲ. ನಾಚಿಕೆಯಾಗುತ್ತದೆ.

ನಾಳೆ ಹೇಳಬೇಕು.

28-8

ಹೇಳಲಿಲ್ಲ. ಕ್ಲಾಸಿನಲ್ಲಿ ತಾಸುಗಟ್ಟಲೆ ಮಾತಾಡುತ್ತೇನೆ. ಒಂದು 'ತಪ್ಪಾಯ್ತು' ಬಾಯಿಗೆ ಬರುವುದಿಲ್ಲ…

8-9, ಸೋಮವಾರ

ಅರ್ಧ ತಾಸು ಮೊದಲೇ ಸ್ಟ್ಯಾಂಡಿಗೆ ಹೋದೆ. ಹೊಸ ಟವೆಲ್ ಹೆಗಲ ಮೇಲೆ. ಐವತ್ತೆರಡನೇ ವಯಸ್ಸಿನಲ್ಲಿ ಬಸ್ಸಿನ ಜೊತೆ ಓಡಿ, ಕಿಟಕಿಯೊಳಗೆ ಒಗೆದೆ. ಎರಡು ಸೀಟು ಸಿಕ್ಕವು. ಒಂದರಲ್ಲಿ ನಾನು, ಒಂದರಲ್ಲಿ ಟವೆಲ್. ಇವತ್ತು ಸೀಟು ಹಿಡಿದವನು ನಾನು. ಅವರನ್ನು ಕೂಡಿಸಿಯೇ ಹೇಳುವುದು ಅಂತ ನಿಶ್ಚಯ.

ಒಬ್ಬ ಮುದುಕಿ ಬುಟ್ಟಿ ಹಿಡಿದು ಬಂದಳು. "ಇಲ್ಲಿ ಯಾರರ ಬರಾವ್ರ ಅದಾರೇನ್ರಿ?"

"ನನ್ನ ಗೆಳೆಯಾರು ಬರತಾರ" ಅಂದೆ. ಅವರನ್ನು ಹಾಗೆ ಕರೆದದ್ದು ಇದೇ ಮೊದಲು.

ಬಸ್ಸು ಹೊರಟಿತು. ಕಂಡಕ್ಟರ್ ಲಗಮಣ್ಣ ಟಿಕೆಟ್ ಹರಿಯುತ್ತ ಟವೆಲ್ ನೋಡಿದ.

"ಹಜರತಸಾಬ್ರಿಗೇನ್ರಿ? ಅವರು ನಿನ್ನೇನ ರಾಮದುರ್ಗಕ್ಕ ಹ್ವಾದ್ರಲ್ರಿ, ಮಗಳ ಊರಿಗೆ. ಅಂಗಡೀನೂ ಅಲ್ಲೇ ಇಡತಾರಂತ. ನಿಮಗ ಹೇಳಿಲ್ಲೇನ್ರಿ?"

ಟವೆಲ್ ತೆಗೆದು ಮುದುಕಿಗೆ ಜಾಗ ಕೊಟ್ಟೆ. ಬುಟ್ಟಿ ಕಾಲ ಹತ್ತಿರ ಇಟ್ಟುಕೊಂಡು ಕೇಳಿದಳು: "ಬರಲಿಲ್ಲೇನ್ರಿ ನಿಮ್ಮ ಗೆಳೆಯಾರು?"

ಬಂದಿದ್ದರು, ಅಂದೆ. ಮೂರು ವರ್ಷ, ದಿನಾ ಬಂದಿದ್ದರು. ನಾನೇ ಅವರನ್ನ —